ಪಡಸಾಲೆಯ ತೊಲೆ ಮತ್ತು ಗುಂಡುಕಲ್ಲು

ಸೊಲ್ಲಾಪುರದ ಪೇಟೆಯಲ್ಲಿರುವ ನಮ್ಮ ವಾಡೆಯ ಕೆಳಗಿನ ಪಡಸಾಲೆ ನಮ್ಮ ಪಾಲಿನದು, ಮೇಲಿನ ಅಂತಸ್ತು ಮೈದುನನದು. ಅರಿವೆ ವ್ಯಾಪಾರ ಹೊಸ ಅಂಗಡಿಗೆ ಹೋದ ಮೇಲೆ ಪಡಸಾಲೆಯಲ್ಲಿ ಉಳಿದದ್ದು ಹಳೆಯ ಗಾದಿ, ಗುಬ್ಬಿಗಳು, ದಿನಾ ಮುಂಜಾನೆ ಕಸ ಹೊಡೆಯುವ ನಾನು.

ಅಲ್ಲಿ ಪಾಳಣಾಘರ, ಅಂದರೆ ದುಡಿಯಲು ಹೋಗುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ ಜಾಗ, ಮಾಡಬೇಕೆಂದು ಹೊಳೆದದ್ದು ಎದುರು ಮನೆಯ ಸೊಸೆಯನ್ನು ನೋಡಿ. ಆಕೆ ಸಾಲಿ ಮಕ್ಕಳ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ. ಕೂಸನ್ನು ನೋಡಿಕೊಳ್ಳುತ್ತಿದ್ದ ಆಕೆಯ ಅತ್ತೆ ತೀರಿಕೊಂಡ ಮೇಲೆ ಅದನ್ನೂ ಹೊತ್ತುಕೊಂಡು ಹೋಗಿ, ಮಿಷನ್ನಿನ ಪಕ್ಕ ಅರಿವೆ ತುಂಡುಗಳ ರಾಶಿಯ ಮೇಲೆ ಮಲಗಿಸುತ್ತಿದ್ದಳು.

"ಕೂಸಿಗೆ ಬ್ಯಾರೆ ಜಾಗಾ ನೋಡು, ಇಲ್ಲಂದ್ರ ಕೆಲಸಾ ಬಿಡು ಅಂದಾನ್ರಿ ಸೇಠ," ಎಂದು ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಅತ್ತಳು.

ನಮ್ಮ ವಾಡೆ ಪಾಲಿಕೆಯವರ ಪಾರಂಪರಿಕ ಕಟ್ಟಡಗಳ ಯಾದಿಯಲ್ಲಿದೆ. ಬಳಕೆ ಬದಲಿಸಲು ಪರವಾನಗಿ ಬೇಕು. ನಾನು ಅರ್ಜಿ ಕೊಟ್ಟೆ, ಮೈದುನ ತಕರಾರು ಕೊಟ್ಟ. ಹಳೆಯ ಸಾಗವಾನಿ ತೊಲೆಗಳು ತೊಟ್ಟಿಲುಗಳ ಭಾರ ತಾಳುವುದಿಲ್ಲವಂತೆ. ನನ್ನೆದುರು ಮಾತ್ರ ಬೇರೆ ಮಾತಾಡಿದ.

"ವೈನಿ, ವಾಡೇಕ ಒಂದು ಇಜ್ಜತ್ ಐತಿ. ಬಾಗಲಾಗ ಕೂಸುಗಳ ಲಂಗೋಟಿ ಒಣಗಾಕತ್ತಿದ್ರ ಮಂದಿ ನಗತಾರ."

"ನಿನ್ನವು ಒಣಗಾಕತ್ತಾಗ ಯಾರು ನಕ್ಕಿದ್ರಪಾ?"

"ಬಂತ ನೋಡ್ರಿ ಮೈಂದರ್ಗಿ ಬಾಯಿ," ಎಂದು ನನ್ನ ತವರನ್ನು ಎತ್ತಾಡಿ ಮೇಲೆ ಹೋದ.

ಜಾಗ ನೋಡಲು ಪಾಲಿಕೆಯಿಂದ ಇಂಜಿನಿಯರ್ ಹುಡುಗಿಯೊಬ್ಬಳು ಬಂದಳು. ತೊಲೆಯಲ್ಲಿದ್ದ ಕಬ್ಬಿಣದ ಕೊಂಡಿಗಳನ್ನು ಕತ್ತೆತ್ತಿ ನೋಡಿ, "ಕಾಕೂ, ಇವು ಯಾತಕ್ಕೆ?" ಎಂದು ಮರಾಠಿಯಲ್ಲಿ ಕೇಳಿದಳು. ನಮ್ಮ ಓಣಿಯ ಮನೆಗಳು ಸಣ್ಣವು, ತಗಡಿನ ಮಾಡಿನವು. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಹೆಸರಿಡುವ ದಿನ ತೊಟ್ಟಿಲು ಕಟ್ಟುತ್ತಿದ್ದದ್ದು ನಮ್ಮ ಪಡಸಾಲೆಯ ಈ ಕೊಂಡಿಗಳಿಗೇ. ಗುಗ್ಗರಿ ಹಂಚುತ್ತಿದ್ದದ್ದೂ ಇಲ್ಲೇ. ಇದನ್ನೆಲ್ಲ ಹೇಳಿದೆ.

ಮೈದುನ ನಡುವೆ ಬಾಯಿ ಹಾಕಿದ. "ಅದೆಲ್ಲಾ ಹಳೀ ಮಾತು ಮ್ಯಾಡಮ್. ಈಗ ಕಟ್ಟಿ ತೂಗಿ ನೋಡ್ರಿ, ತೊಲಿ ಹೆಂಗ ಕಿರ್ ಅಂತೈತಿ."

ಅಟ್ಟದಿಂದ ನಮ್ಮ ಅತ್ತೆಯ ಕಾಲದ ತೊಟ್ಟಿಲು ಇಳಿಸಿ ಕಟ್ಟಿದೆವು. ತೊಲೆ ಕಿರುಗುಟ್ಟಿಸಿ ತೋರಿಸುವ ಅವಸರದಲ್ಲಿ ಮೈದುನ ಅದನ್ನು ನೂಕಲು ಕೈ ಚಾಚಿದ. ಬಾಗಿಲಲ್ಲಿ ನೆರೆದ ಹೆಂಗಸರೆಲ್ಲ ಒಮ್ಮೆಲೇ ಕೂಗಿದರು: "ಖಾಲಿ ತೊಟ್ಟಲಾ ತೂಗಬ್ಯಾಡ್ರೀ!"

ಬಿಸಿ ಹಂಚು ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಎಷ್ಟೆಂದರೂ ಇದೇ ಮನೆಯ ಮಗ, ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡೆಂದು ಅವನಿಗೂ ಗೊತ್ತು.

"ಪರೀಕ್ಷಾ ಮಾಡೂದು ಐತೆಲ್ಲ, ರೀತಿ ಪ್ರಕಾರ ಮಾಡೂಣು," ಎಂದು ನಾನು ಅಡುಗೆಮನೆಗೆ ಹೋಗಿ ಒರಳಿನ ಗುಂಡುಕಲ್ಲನ್ನು ಎದೆಗವಚಿಕೊಂಡು ತಂದೆ. ಹೆಸರಿಡುವ ದಿನ ನಮ್ಮಲ್ಲಿ ತೊಟ್ಟಿಲಿಗೆ ಮೊದಲು ಹಾಕುವುದು ಕೂಸನ್ನಲ್ಲ, ಈ ಕಲ್ಲನ್ನು. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು ಅದಕ್ಕೆ ಕುಂಚಿಗೆ ಕಟ್ಟಿ ತೂಗುತ್ತಾರೆ. ನಾನೂ ಕುಂಚಿಗೆ ಕಟ್ಟಿ ಮಲಗಿಸಿದೆ. ಹೆಂಗಸರು ಜೋ ಜೋ ಎಂದು ತೂಗೇ ತೂಗಿದರು. ಮೇಲಿಂದ ಒಂದಿಷ್ಟು ಧೂಳು ಉದುರಿತು. ತೊಲೆ ಮಾತ್ರ ಕಿರ್ ಅನ್ನಲಿಲ್ಲ.

"ನಿನಗೂ ಮೊದಲ ಇದ ಕಲ್ಲು ಮಲಗಿತ್ತಪಾ," ಎಂದೆ ಮೈದುನನಿಗೆ. "ನೀ ಗಟ್ಟಿ ಆಗಿ, ತೊಲಿ ಟೊಳ್ಳ ಆತೇನು?"

ಹುಡುಗಿ ನಕ್ಕು ಕಲ್ಲನ್ನು ಎತ್ತಲು ಹೋದಳು, ಎತ್ತಲಾಗದೆ ಬಿಟ್ಟಳು. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ, ಆದರೆ ಸಮಿತಿ ಒಪ್ಪುವವರೆಗೂ ಪಾಳಣಾಘರ ತೆರೆಯುವಂತಿಲ್ಲ ಎಂದು ಎಚ್ಚರಿಸಿ ಹೋದಳು.

ಕಲ್ಲು ತೆಗೆದ ಮೇಲೆ ತೊಟ್ಟಿಲು ಖಾಲಿ ಬಿಡಬಾರದು. ಎದುರು ಮನೆಯ ಸೊಸೆ ತನ್ನ ಕೂಸನ್ನು ಮಲಗಿಸಿದಳು. ಅದು ಕಣ್ಣುಮುಚ್ಚಿದ್ದನ್ನು ನೋಡಿ ನನ್ನ ಮುಖ ನೋಡಿದಳು.

"ನೀ ಕೆಲಸಕ್ಕ ನಡಿಯವ್ವಾ," ಎಂದೆ.

ಅಂದಿನಿಂದ ಆ ತೊಟ್ಟಿಲು ಬಿಚ್ಚಿಲ್ಲ. ಬಾಗಿಲಿಗೆ ಫಲಕ ಹಾಕಿಲ್ಲ, ಪಾಳಣಾಘರ ತೆರೆದಿಲ್ಲ. ನೆರೆಮನೆಯ ಕೂಸು ನನ್ನ ಮನೆಯಲ್ಲಿ ಮಲಗಲು ಯಾವ ಸಮಿತಿಯ ಪರವಾನಗಿಯೂ ಬೇಕಿಲ್ಲ. ಲಂಗೋಟಿಗಳನ್ನು ಮಾತ್ರ ಬೇಕೆಂದೇ ಮುಂಬಾಗಿಲಲ್ಲಿ ಒಣಹಾಕುತ್ತೇನೆ.

ನಿನ್ನೆ ಮೈದುನ ಮೆಟ್ಟಿಲಿಳಿದು ಬಂದು ತೊಟ್ಟಿಲ ಹತ್ತಿರ ನಿಂತ. "ಸಮಿತಿ ಮುಂದ ನನ್ನ ತಕರಾರಿನ ಸುನಾವಣಿ ಇನ್ನೂ ಮುಗದಿಲ್ಲ ವೈನಿ!"

"ಮುಗದಿಲ್ಲಂದ್ರ ನಾನೂ ಬರ್ತೀನಿ ನಡಿ," ಎಂದೆ. "ಈಗ ಸಣ್ಣಾಗಿ ಮಾತಾಡು. ಕೂಸು ಎದ್ದಿತಂದ್ರ ನೀನ ತೂಗಬೇಕಾಗ್ತದ."