ಹಸು ಬೀಳಿಸಿದ ಬೈಕು

ಎಡಗಡೆಯ ಕನ್ನಡಿ ಹೊಸದು. ಬಲಗಡೆಯದು ಹಳೆಯದು. ಎಡಗಡೆಯ ಇಂಡಿಕೇಟರ್ ಹೊಸದು. ಬಲಗಡೆಯದು ಬಿಸಿಲಿಗೆ ಬಣ್ಣಗೆಟ್ಟಿದೆ. ಎಡಗಡೆಯ ಫುಟ್‌ರೆಸ್ಟಿನ ರಬ್ಬರು ಅಂಗಡಿಯಿಂದ ಈಗಷ್ಟೇ ತಂದು ಹಾಕಿದ ಹಾಗಿದೆ. ಬಲಗಡೆಯದು ಸವೆದು ನುಣ್ಣಗಾಗಿದೆ.

ನಿಮಗೆ ಏನನ್ನಿಸುತ್ತದೆ? ನನಗೂ ಅದೇ ಅನ್ನಿಸಿತು. ಈ ಬೈಕು ಎಡಕ್ಕೆ ಬಿದ್ದಿದೆ. ಅದೂ ಸುಮ್ಮನೆ ಬಿದ್ದಿಲ್ಲ, ಜೋರಾಗಿ ಬಿದ್ದಿದೆ.

ಆದರೆ ಅದನ್ನು ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. ಯಾಕೆಂದರೆ ಮಾರಲು ನಿಂತಿದ್ದವರು ನಮಗೆ ಬೀಗರಾಗುವವರು.

ವಿಷಯ ಹೀಗೆ. ನನ್ನ ಹೆಂಡತಿಯ ತಮ್ಮ ಲೋಕೇಶ. ಊರು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು. ಕೆಲಸ ಬಿಡದಿ ಕಡೆಯ ಒಂದು ಫ್ಯಾಕ್ಟರಿಯಲ್ಲಿ. ನಮ್ಮ ಕಡೆ ಈಗ ಇದಕ್ಕೆ ‘ಕಂಪನಿ ಕೆಲಸ’ ಎನ್ನುತ್ತಾರೆ. ಯಾವ ಕಂಪನಿ, ಎಂಥ ಕೆಲಸ, ಎಷ್ಟು ದಿನದ ಕೆಲಸ ಎಂದು ಯಾರೂ ಮುಂದಕ್ಕೆ ಕೇಳುವುದಿಲ್ಲ. ನೀಲಿ ಶರ್ಟು, ಕೊರಳಲ್ಲೊಂದು ಐಡಿ ಕಾರ್ಡು ಇದ್ದರೆ ಸಾಕು, ಹುಡುಗ ಗೆದ್ದ ಎಂದೇ ಲೆಕ್ಕ. ಹೊಲ ಎಷ್ಟಿದೆ, ರೇಷ್ಮೆ ಹುಳು ಸಾಕಾಣಿಕೆ ಹೇಗಿದೆ ಎಂದು ಕೇಳಿ ಹೆಣ್ಣು ಕೊಡುತ್ತಿದ್ದ ಕಾಲ ಹೋಯಿತು.

ಲೋಕೇಶನಿಗೂ ಹೆಣ್ಣು ಗೊತ್ತಾಯಿತು. ಹುಡುಗಿ ಶೋಭಾ. ಸಾತನೂರು ದಾಟಿ ಕಬ್ಬಾಳು ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿ. ಮಾತುಕತೆ ಮುಗಿದಿತ್ತು. ಲಗ್ನಪತ್ರಿಕೆ ಬರೆಸುವುದೊಂದು ಬಾಕಿ.

ಆಗಲೇ ಬೈಕಿನ ಪ್ರಸ್ತಾಪ ಬಂತು. ಲೋಕೇಶನ ಶಿಫ್ಟು ಮುಗಿಯುವ ಹೊತ್ತಿಗೆ ಅಕ್ಕೂರಿಗೆ ಬಸ್ಸಿರುವುದಿಲ್ಲ. ಹೊಸ ಬೈಕು ಈಗ ಆಗದ ಮಾತು. ಅಷ್ಟರಲ್ಲಿ ಹುಡುಗಿಯ ಅಣ್ಣ ಮಹದೇವ ತನ್ನ ಬೈಕು ಕೊಡುತ್ತೇನೆಂದ. ಅವನು ಕನಕಪುರ ಕಡೆಯ ಕ್ವಾರಿಗಳಲ್ಲಿ ಜಲ್ಲಿ ಲಾರಿ ಓಡಿಸುತ್ತಾನೆ. ಮನೆಗೆ ಬರುವುದೇ ಅಪರೂಪ, ಬೈಕು ಸುಮ್ಮನೆ ನಿಂತಿರುತ್ತದೆ. ರೇಟು ನೆಂಟರ ರೇಟು.

ನೋಡಿಕೊಂಡು ಬರಲು ನನ್ನನ್ನು ರಾಮನಗರದಿಂದ ಕರೆಸಿದರು. ಪೇಪರಿನಲ್ಲಿ ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ನೆಂಟರಲ್ಲಿ ಇನ್ನೂ ಉಳಿದಿದೆ. (ಓದುಗರಲ್ಲಿ ಉಳಿದಿಲ್ಲ, ಗೊತ್ತು.) ನನ್ನ ಸ್ಕೂಟರಿನ ಪ್ಲಗ್ಗು ಬಿಚ್ಚಿ ಒರೆಸುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ.

ಲೋಕೇಶ ತನ್ನ ಪರಿಚಯದ ಮೆಕ್ಯಾನಿಕ್ ಒಬ್ಬನನ್ನೂ ಕರೆದುಕೊಂಡು ಹೋಗೋಣ ಎಂದ. ಬುದ್ಧಿವಂತನ ಮಾತು. ಆದರೆ ಮನೆಗೆ ಹಿರಿಯರೆಂದರೆ ಅವನ ದೊಡ್ಡಪ್ಪ. ತಂದೆ ಇಲ್ಲದ ಹುಡುಗನಿಗೆ ಅವರೇ ಯಜಮಾನರು. ಅವರು ಕೆಂಡವಾದರು.

“ಬೀಗರ ಮನೆಗೆ ಮೆಕ್ಯಾನಿಕ್ ಕರ್ಕಂಡ್ ಹೋಯ್ತೀಯೇನ್ಲಾ? ಅವ್ರ ಮಕಕ್ಕೆ ಉಗುದಂಗಲ್ವಾ ಅದು?”

ಅಲ್ಲಿಗೆ ಮೆಕ್ಯಾನಿಕ್ ಕ್ಯಾನ್ಸಲ್.

ಭಾನುವಾರ ದೊಡ್ಡಪ್ಪ, ಲೋಕೇಶ, ನಾನು ಮೂವರೂ ಹೋದೆವು. ಹೋದ ಕೂಡಲೇ ಬೈಕು ತೋರಿಸಿದರೇ? ಇಲ್ಲ. ಮೊದಲು ಊಟ. ಮುದ್ದೆ, ಕೋಳಿ ಸಾರು, ಮೇಲೆ ಅನ್ನ ಮೊಸರು. ನೀವೇ ಹೇಳಿ, ಒಬ್ಬರ ಮನೆಯ ಕೋಳಿ ಸಾರು ಉಂಡ ಮೇಲೆ ಅವರ ಬೈಕಿನಲ್ಲಿ ತಪ್ಪು ಹುಡುಕಲು ಯಾರಿಗೆ ಬಾಯಿ ಬರುತ್ತದೆ?

ಆದರೂ ಹೊಸ ಕನ್ನಡಿ ಕಣ್ಣಿಗೆ ಚುಚ್ಚುತ್ತಿತ್ತು. ಎಡಗಡೆಗೆಲ್ಲ ಹೊಸ ಸಾಮಾನು ಹಾಕಿಸಿದ್ದೀರಲ್ಲ ಎಂದು ಹೊಗಳುವ ದನಿಯಲ್ಲೇ ಕೇಳಿದೆ.

ಮಹದೇವ ನಕ್ಕ. “ನಾನು ಲಾರಿ ಮೇಲೆ ಹೋಗಿದ್ದೆ ಕಣಣ್ಣ. ಹಸ ಹಗ್ಗ ಕಿತ್ಕಂಡು ಬಂದು ಗುದ್ಬುಡ್ತಂತೆ. ಶೋಭನೇ ರಿಪೇರಿ ಮಾಡ್ಸವ್ಳೆ. ನಿಂತಿದ್ದಾಗ ಬಿದ್ದಿರೋದು, ಓಡ್ತಾ ಬಿದ್ದಿರ ಗಾಡಿ ಅಲ್ಲ. ನಮ್ಮ ಹುಡ್ಗಿ ಕೂರೋ ಗಾಡಿ, ಸುಳ್ಳು ಹೇಳ್ತೀನಾ?”

ಅವನ ಮುಖದಲ್ಲಿ ಸುಳ್ಳಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

ನಾನು ಹಸುವಿನ ಕಡೆ ನೋಡಿದೆ. ಅದು ಗೊಂತಿನ ಹತ್ತಿರ ಮಲಗಿ ಮೆಲುಕು ಹಾಕುತ್ತಿತ್ತು. ಹಸು ಗುದ್ದಿದರೆ ಕನ್ನಡಿ ಒಡೆಯಬಹುದು. ಇಂಡಿಕೇಟರೂ ಮುರಿಯಬಹುದು. ಫುಟ್‌ರೆಸ್ಟಿನ ರಬ್ಬರು ಹರಿಯಬೇಕಾದರೆ ಗಾಡಿ ನೆಲದ ಮೇಲೆ ಉಜ್ಜಿಕೊಂಡು ಹೋಗಬೇಕು. ಗುದ್ದಿದ ಹಸು ಅದನ್ನು ಎಳೆದುಕೊಂಡೂ ಹೋಯಿತೇ? ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ಶೋಭಾ ಹಸುವಿನ ಮಾತು ಬಂದದ್ದೇ ಒಳಗೆ ಹೋಗಿಬಿಟ್ಟಳು.

ಒಂದು ರೌಂಡು ಹೋಗಿ ಬನ್ನಿ ಎಂದು ಮಹದೇವ ಕೀ ಕೊಟ್ಟ. ಲೋಕೇಶ ಮುಂದೆ, ನಾನು ಹಿಂದೆ.

ಊರೊಳಗೆ ಬೈಕು ಚೆನ್ನಾಗಿಯೇ ಹೋಯಿತು. ಎಂಜಿನ್ನಿನ ಸದ್ದೂ ಚೊಕ್ಕವಾಗಿತ್ತು. ದೊಡ್ಡ ರಸ್ತೆಗೆ ಬಂದು ಲೋಕೇಶ ಸ್ವಲ್ಪ ಸ್ಪೀಡು ಹೆಚ್ಚಿಸಿದ. ಹ್ಯಾಂಡಲ್ ಸಣ್ಣಗೆ ಅದುರತೊಡಗಿತು. ರಸ್ತೆಯೇ ಹಾಗಿರಬೇಕು ಎಂದುಕೊಂಡೆ. ಇನ್ನೂ ಸ್ವಲ್ಪ ಹೆಚ್ಚಿಸಿದ. ಅವನ ಎರಡೂ ಮೊಣಕೈಗಳು ನಡುಗುವುದು ಹಿಂದೆ ಕೂತ ನನಗೆ ಕಾಣಿಸಿತು. ಈಗ ರಸ್ತೆ ನುಣ್ಣಗಿತ್ತು.

ಇಳಿಜಾರು ಬಂತು. ಇಳಿಜಾರಿನ ಕೊನೆಯಲ್ಲಿ ತಿರುವು, ತಿರುವಿನಲ್ಲಿ ಕಟ್ಟೆ ಇಲ್ಲದ ಮೋರಿ. ಎದುರಿನಿಂದ ಕಲ್ಲಿನ ದಿಮ್ಮಿ ಹೇರಿಕೊಂಡ ಲಾರಿ. ಲಾರಿಯವನು ರಸ್ತೆಯ ಮಧ್ಯದಲ್ಲೇ ಬರುತ್ತಿದ್ದ. (ಈ ರಸ್ತೆಗಳು ಈಗ ಅವರವೇ. ಉಳಿದವರು ಅಂಚಿನಲ್ಲಿ ಬದುಕಿಕೊಳ್ಳಬೇಕು.) ಲೋಕೇಶ ಬ್ರೇಕು ಹಿಡಿದ. ಹಿಡಿದದ್ದೇ ತಡ, ಬೈಕು ಎಡಕ್ಕೆ ಎಳೆಯಿತು. ಅವನು ಬಲಕ್ಕೆ ತಿರುಗಿಸಲು ಒದ್ದಾಡುತ್ತಿದ್ದ, ಅದು ಎಡಕ್ಕೇ ಹೋಗುತ್ತಿತ್ತು. ಮೋರಿಯ ಬಾಯಿ ಹತ್ತಿರ ಬಂತು. ನಾನು ಕಣ್ಣು ಮುಚ್ಚಿದೆ.

ಬೈಕು ನಿಂತಿತು. ಕಣ್ಣು ಬಿಟ್ಟಾಗ ಮುಂದಿನ ಚಕ್ರಕ್ಕೂ ಹಳ್ಳಕ್ಕೂ ನಡುವೆ ಒಂದು ಗೇಣು ನೆಲವಿತ್ತು. ಲಾರಿ ಹಾರನ್ ಹೊಡೆಯುತ್ತಾ ಹೋಯಿತು. ಇಬ್ಬರೂ ಇಳಿದೆವು.

“ಎಳೀತೈತೆ ಭಾವ,” ಎಂದ ಲೋಕೇಶ. ಅವನ ತುಟಿ ಬಿಳುಚಿಕೊಂಡಿತ್ತು. ಮುಂದಿನ ಚಕ್ರ ಹಿಡಿದಿರುವ ಫೋರ್ಕು ಬೆಂಡಾಗಿರಬೇಕು, ಇಲ್ಲವಾದರೆ ಚಾಸಿಯೇ ಸೊಟ್ಟಗಾಗಿರಬೇಕು ಎಂದ. ಹಾಗಾದರೆ ಬೇಡ ಎಂದು ಹೇಳಿಬಿಡೋಣ ಎಂದೆ. ಅವನು ತಲೆ ಅಲ್ಲಾಡಿಸಿದ. ಬೇಡ ಎಂದರೆ ಮಹದೇವ ಸುಳ್ಳು ಹೇಳಿದ ಎಂದ ಹಾಗಾಗುತ್ತದೆ. ದೊಡ್ಡಪ್ಪ ಸುಮ್ಮನಿರುವವರಲ್ಲ, ಮಹದೇವನೂ ಸುಮ್ಮನಿರುವವನಲ್ಲ. ಮದುವೆಗೇ ಕುತ್ತು. ನಿಧಾನಕ್ಕೆ ಓಡಿಸಿದರಾಯಿತು, ಸಂಬಳ ಬಂದಾಗ ರಿಪೇರಿ ಮಾಡಿಸಿದರಾಯಿತು ಎಂದ.

ನಿಧಾನಕ್ಕೆ! ಕತ್ತಲಲ್ಲಿ ಬೆಂಗಳೂರು–ಮೈಸೂರು ಹೈವೇಯಲ್ಲಿ, ಹಿಂದಿನಿಂದ ಬಸ್ಸುಗಳು ಅಟ್ಟಿಸಿಕೊಂಡು ಬರುವಾಗ, ನಿಧಾನಕ್ಕೆ! ನನಗೆ ಸಿಟ್ಟು ಬಂತು. ಅವನ ಮೇಲಲ್ಲ. ಬೀಗರು ಏನೆಂದುಕೊಳ್ಳುತ್ತಾರೋ ಎಂಬ ಹೆದರಿಕೆ ಮೋರಿಗೆ ಬೀಳುವ ಹೆದರಿಕೆಗಿಂತ ದೊಡ್ಡದಾಗಿತ್ತಲ್ಲ, ಅದರ ಮೇಲೆ. ಎಷ್ಟು ಮನೆಗಳಲ್ಲಿ ಎಷ್ಟು ಅಪಾಯಗಳು ಹೀಗೆ ಮರ್ಯಾದೆಯ ಹೆಸರಲ್ಲಿ ನಡುಮನೆಯಲ್ಲಿ ಬಂದು ಕೂತಿವೆಯೋ.

ನಡೆಯುವ ವೇಗದಲ್ಲಿ ವಾಪಸು ಬಂದೆವು. ದಾರಿಯುದ್ದಕ್ಕೂ, ಹೇಳಲೇಬೇಕು ಎಂದುಕೊಂಡೇ ಬಂದೆ.

ಜಗಲಿಯ ಮೇಲೆ ಎಲ್ಲ ಸಿದ್ಧವಾಗಿತ್ತು. ಮಹದೇವನ ತಾಯಿ ತಟ್ಟೆ ಹಿಡಿದು ನಿಂತಿದ್ದರು. ಎಲೆ, ಅಡಿಕೆ, ಬಾಳೆಹಣ್ಣು, ಕುಂಕುಮ. ಕೀ ಇಡಲು ಮಧ್ಯದಲ್ಲಿ ಜಾಗ. ಮಹದೇವ ಲೋಕೇಶನ ಕೈಯಿಂದ ಕೀ ತೆಗೆದುಕೊಂಡು ಅಲ್ಲಿಟ್ಟ. ನಾವು ಆ ತಟ್ಟೆಗೆ ಕೈ ಹಾಕಿದರೆ ವ್ಯವಹಾರ ಮುಗಿದ ಹಾಗೆ. ಅಲ್ಲಿಂದ ನೇರ ಕಬ್ಬಾಳಮ್ಮನ ಗುಡಿಗೆ ಹೋಗಿ ಗಾಡಿಗೆ ಪೂಜೆ ಮಾಡಿಸುವುದು, ಲೋಕೇಶ ಅದರಲ್ಲೇ ಊರಿಗೆ ಹೊರಡುವುದು ಎಂದು ಮೊದಲೇ ತೀರ್ಮಾನವಾಗಿತ್ತು.

“ಹೆಂಗೈತೆ ಅಳಿಯಂದ್ರೇ ಗಾಡಿ?” ಎಂದರು ದೊಡ್ಡಪ್ಪ.

ಎಲ್ಲರೂ ನನ್ನ ಮುಖ ನೋಡಿದರು. ನಾನು ಬಾಯಿ ತೆರೆದೆ. “ರೋಡೇ ಒಸಿ ಸರಿ ಇಲ್ಲ,” ಎಂದೆ.

ಹೌದು, ಅಷ್ಟೇ ಹೇಳಿದ್ದು. ವಾರವಾರ ನಿಮಗೆ ಉಪದೇಶ ಮಾಡುವ ಮನುಷ್ಯನ ಧೈರ್ಯ ಅಷ್ಟೇ.

ತಟ್ಟೆ ಲೋಕೇಶನ ಮುಂದಕ್ಕೆ ಬಂತು. ಅವನು ಕೈ ಚಾಚಿದ.

“ಅದ್ನ ತಗೋಬ್ಯಾಡಿ.”

ಶೋಭಾ ಹೊಸಿಲು ದಾಟಿ ಬಂದಿದ್ದಳು. ಮಹದೇವ ಒಳಕ್ಕೆ ಹೋಗು ಎಂದು ಸಣ್ಣಗೆ ಗದರಿದ. ಅವಳು ಹೋಗಲಿಲ್ಲ.

“ಬೀಳ್ಸಿದ್ದು ಹಸ ಅಲ್ಲ ಅಣ್ಣ. ನಾನು.”

ಆಮೇಲೆ ಎಲ್ಲ ಹೊರಬಂತು. ಅಣ್ಣ ಲಾರಿ ಮೇಲೆ ಹೋದಾಗಲೆಲ್ಲ ಅವಳು ಬೈಕು ತಳ್ಳಿಕೊಂಡು ಹೋಗಿ ಕೆರೆ ಏರಿಯ ಮೇಲೆ ಕಲಿಯುತ್ತಿದ್ದಳಂತೆ. ಒಂದು ದಿನ ಎದುರಿಗೆ ಟ್ರ್ಯಾಕ್ಟರ್ ಬಂದು, ಗಾಬರಿಯಾಗಿ ಕಲ್ಲಿಗೆ ಗುದ್ದಿ, ಬೈಕಿನ ಜೊತೆಗೇ ಉಜ್ಜಿಕೊಂಡು ಹೋದಳಂತೆ. ಯಾರದೋ ಕೈಕಾಲು ಹಿಡಿದು ರಿಪೇರಿ ಮಾಡಿಸಿದಳು. ಮುಂಭಾಗ ಪೂರ್ತಿ ನೆಟ್ಟಗಾಗಿಲ್ಲ, ಸ್ಪೀಡಾಗಿ ಹೋಗಬೇಡಿ ಎಂದು ರಿಪೇರಿಯವನೇ ಹೇಳಿದ್ದ. ಆಮೇಲೆ ಮಹದೇವ ಊರೊಳಗೆ ಅಂಗಡಿಯವರೆಗೆ ಮಾತ್ರ ಓಡಿಸಿದ್ದರಿಂದ ಅವನಿಗೆ ಗೊತ್ತಾಗಲಿಲ್ಲ. ಈ ಬೈಕಿನಲ್ಲೇ ಲೋಕೇಶ ಹೈವೇಯಲ್ಲಿ ಕಂಪನಿಗೆ ಹೋಗುತ್ತಾನೆ ಎಂದು ತಿಳಿದ ಮೇಲೆ ಅವಳಿಗೆ ನಿದ್ದೆ ಬಂದಿಲ್ಲ.

ಹೆಣ್ಣು ಹುಡುಗಿಗೆ ಯಾಕೆ ಬೇಕಿತ್ತು ಇದು ಎಂದು ತಾಯಿ ಅಳುತ್ತಾ ಕೇಳಿದರು.

“ಆಸೆ ಆಗಿತ್ತು,” ಎಂದಳು.

ದೊಡ್ಡಪ್ಪ ಕೆಮ್ಮಿದರು. ಏಟು ಎಲ್ಲೆಲ್ಲಿ ಬಿತ್ತವ್ವ, ಕಾಲಿಗೆ ಏನೂ ಆಗಿಲ್ಲವಲ್ಲ ಎಂದು ವಿಚಾರಿಸಿದರು. ದನಿಯಲ್ಲಿ ಕಾಳಜಿ ಇತ್ತು. ಆದರೆ ಅವರ ಕಣ್ಣು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ ರೀತಿಯಿತ್ತಲ್ಲ, ಊಟವಾದ ಮೇಲೆ ನಾನು ಆ ಬೈಕನ್ನು ನೋಡಿದ್ದು ಹಾಗೆಯೇ. ಶೋಭಾಳನ್ನು ನೋಡಲು ನಾವು ಮೊದಲು ಬಂದ ದಿನ ನನಗೆ ನೆನಪಾಯಿತು. ಅಂದು ಇದೇ ದೊಡ್ಡಪ್ಪ ಬಾಯಾರಿಕೆ ಎಂದು ಹೇಳಿ ಅವಳನ್ನು ಅಂಗಳದ ಆ ಕಡೆಯ ತೊಟ್ಟಿಯಿಂದ ನೀರು ತರಲು ಕಳಿಸಿದ್ದರು. ನೀರನ್ನು ಕುಡಿಯಲಿಲ್ಲ. ಅವಳು ನಡೆಯುವುದನ್ನು ನೋಡಿದರು. ಅದೂ ಒಂದು ಟೆಸ್ಟ್ ರೈಡು ತಾನೇ? ವ್ಯತ್ಯಾಸ ಇಷ್ಟೇ, ಗಾಡಿಗೆ ಮೆಕ್ಯಾನಿಕ್ ತಂದರೆ ಅವಮಾನ, ಹುಡುಗಿಯನ್ನು ಹತ್ತು ಜನ ಬಂದು ನೋಡಿದರೂ ಅದು ಶಾಸ್ತ್ರ.

ದೊಡ್ಡಪ್ಪ ನಮ್ಮ ಕಡೆ ತಿರುಗಿದರು. “ಬಿದ್ದಿರ ಗಾಡಿ ಬ್ಯಾಡ ಅಂತ ಬುಟ್ಟೋಗ್ಬೋದು ಕಣ್ರಪ್ಪ. ಬಿದ್ದಿರ ಹುಡ್ಗಿ?”

ಮಹದೇವ ಎದ್ದು ನಿಂತ. ಅವನ ಹಿಂದಿದ್ದ ಪ್ಲಾಸ್ಟಿಕ್ ಕುರ್ಚಿ ಉರುಳಿತು. ಅವನ ಕೈ ಮುಷ್ಟಿಯಾಗಿದ್ದು ನನಗೆ ಕಂಡಿತು. ಇನ್ನೊಂದು ಮಾತು ಬಂದಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಲೋಕೇಶ ಇಬ್ಬರ ನಡುವೆ ಬಂದು ನಿಂತ. ಹಿರಿಯರ ಮುಂದೆ ಅವನು ದನಿ ಎತ್ತಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಅವತ್ತೂ ಎತ್ತಲಿಲ್ಲ.

“ಗಾಡಿ ಎಳೀತೈತೆ ಅಂತ ನನ್ಗೂ ಗೊತ್ತಾಯ್ತು ದೊಡ್ಡಪ್ಪ, ನಾನು ಹೇಳ್ಲಿಲ್ಲ. ಭಾವುಂಗೂ ಗೊತ್ತಾಯ್ತು, ಅವ್ರೂ ಹೇಳ್ಲಿಲ್ಲ. ಇಲ್ಲಿ ಹೇಳಿದ್ದು ಶೋಭಾ ಅವ್ರೊಬ್ರೇ.”

ನನ್ನನ್ನೂ ಸೇರಿಸಿಯೇ ಹೇಳಿದ. ಸರಿಯಾಗಿಯೇ ಹೇಳಿದ. ನಾನು ನೆಲ ನೋಡಿದೆ.

ಆಗ ಮಹದೇವನ ತಾಯಿ ಒಂದು ಕೆಲಸ ಮಾಡಿದರು. ತಟ್ಟೆಯಿಂದ ಬೈಕಿನ ಕೀ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಕಣ್ಣೊರೆಸಿಕೊಂಡು ಅದೇ ತಟ್ಟೆಯನ್ನು ದೊಡ್ಡಪ್ಪನ ಮುಂದೆ ಹಿಡಿದರು. ಈಗ ಅದರಲ್ಲಿ ಎಲೆ ಅಡಿಕೆ ಮಾತ್ರ ಇತ್ತು. ಗಾಡಿಯ ವ್ಯವಹಾರ ಇಲ್ಲ, ಸಂಬಂಧ ಬೇಕೋ ಬೇಡವೋ ಎಂದು ಕೇಳಿದ ಹಾಗೆ. ಶೋಭಾ ಕಂಬ ಹಿಡಿದು ನಿಂತಿದ್ದಳು.

ದೊಡ್ಡಪ್ಪ ತಟ್ಟೆ ನೋಡಿದರು. ಲೋಕೇಶನನ್ನು ನೋಡಿದರು. ಕೊನೆಗೆ ಕೈ ಚಾಚಿ ಎಲೆ ಅಡಿಕೆ ತೆಗೆದುಕೊಂಡರು. ಮಹದೇವ ಕುರ್ಚಿ ಎತ್ತಿ ನಿಲ್ಲಿಸಿ ಕೂತುಕೊಂಡ.

ಬೈಕು ಅಲ್ಲೇ ಉಳಿಯಿತು. ಫೋರ್ಕು ಬದಲಾಯಿಸಿ, ಚಾಸಿ ಚೆಕ್ ಮಾಡಿಸಿದ ಮೇಲೆ ನೋಡೋಣ ಎಂದು ಮಹದೇವನೇ ಹೇಳಿದ. ಈ ಸಲ ಮೆಕ್ಯಾನಿಕ್ಕನ್ನು ನೀವೇ ಕರೆತನ್ನಿ ಎಂದೂ ಹೇಳಿದ.

ನಾವು ಸಾತನೂರಿನಲ್ಲಿ ಚನ್ನಪಟ್ಟಣದ ಬಸ್ಸು ಹತ್ತಿದೆವು. ಸೀಟು ಸಿಕ್ಕ ಮೇಲೆ ದೊಡ್ಡಪ್ಪ ಬೀಗರು ಕೊಟ್ಟ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟರು. ಹುಡುಗಿ ಗಟ್ಟಿಗಿತ್ತಿ, ಪರವಾಗಿಲ್ಲ ಎಂದರು. ಸ್ವಲ್ಪ ಹೊತ್ತು ಅಗಿದರು.

“ಆದ್ರೂ ಇಷ್ಟು ದಿನ ಮುಚ್ಚಿಟ್ಟಿದ್ಲಲ್ಲ. ಆ ಮನೆಯೋರು ಇನ್ನೂ ಏನೇನ್ ಮುಚ್ಚಿಟ್ಟವ್ರೋ.”

ಮುಂದಿನ ಸೀಟಿನಲ್ಲಿದ್ದ ಲೋಕೇಶ ತಿರುಗಿ ನನ್ನ ಮುಖ ನೋಡಿದ. ಅವನ ಕೊರಳಿನ ಐಡಿ ಕಾರ್ಡು ಕಂಪನಿಯದಲ್ಲ, ಲೇಬರ್ ಕಾಂಟ್ರ್ಯಾಕ್ಟರನದು. ಯಾವ ತಿಂಗಳು ಬೇಕಾದರೂ ನಾಳೆಯಿಂದ ಬರಬೇಡ ಎನ್ನಬಹುದು. ಮಾತುಕತೆಯ ದಿನ ‘ಪರ್ಮನೆಂಟ್’ ಎಂದು ಬೀಗರಿಗೆ ಹೇಳಿದವರು ದೊಡ್ಡಪ್ಪ.

ಈಗ ನಮ್ಮ ಕಡೆಯಿಂದ ಹೊಸಿಲು ದಾಟಿ ಬಂದು ಹೇಳುವವರು ಯಾರು?