ನಿಂತ ನೀರಲ್ಲಿ ಬಾಂಗಡೆ

ಹಬ್ಬುವಾಡದ ಅತ್ತೆಯ ಮನೆಯ ಹಿಂದಿನ ಜಗಲಿಯಲ್ಲಿ ನಾನು ಮೂರು ಬಾಂಗಡೆ ಮೀನು ಸಾಕಿದ್ದೆ. ಮೀನಿನ ಬಾಲ ನೀರನ್ನು ಹೇಗೆ ತಳ್ಳುತ್ತದೆ, ಹಿಂದೆ ಎಂಥ ಸುಳಿ ಬಿಡುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ಭಾವಿಕೇರಿಯಲ್ಲಿ ಬಾಂಗಡೆ ಸಾರು ಉಂಡೇ ಬೆಳೆದವಳು ನಾನು. ಜೀವಂತ ಬಾಂಗಡೆಯನ್ನು ಹತ್ತಿರದಿಂದ ನೋಡಿದ್ದು ಮಾತ್ರ ಆ ವರ್ಷವೇ. ದೋಣಿಯಿಂದ ತಂದವೆಲ್ಲ ದಾರಿಯಲ್ಲೇ ಸಾಯುತ್ತಿದ್ದವು. ಕೊನೆಗೆ ಇವು ಉಳಿದಿದ್ದವು.

ಉದ್ದನೆಯ, ಇಕ್ಕಟ್ಟಾದ ಗಾಜಿನ ತೊಟ್ಟಿಯಲ್ಲಿ ಪಂಪು ಸಮುದ್ರದ ನೀರನ್ನು ಒಂದೇ ಸಮನೆ ಹರಿಸುತ್ತಿತ್ತು. ಹರಿವಿಗೆ ಎದುರಾಗಿ, ಬಾಯಿ ತೆರೆದುಕೊಂಡು ಅವು ಇದ್ದಲ್ಲೇ ಈಜುತ್ತಿದ್ದವು. ಈ ಮೀನಿಗೆ ನಿಂತು ಉಸಿರಾಡಲು ಬರುವುದಿಲ್ಲ. ಬಾಯಿಂದ ಹೊಕ್ಕ ನೀರು ಕಿವಿರುಗಳ ಮೇಲೆ ಹಾಯುತ್ತಲೇ ಇರಬೇಕು.

ಬಾಲದ ಸುಳಿಯನ್ನು ಚಿತ್ರೀಕರಿಸಲು ತರಿಸಿದ್ದ ಬಾಡಿಗೆ ಕ್ಯಾಮೆರಾ ಬರುವ ಹಿಂದಿನ ದಿನ ಮಧ್ಯಾಹ್ನ ಜೋರು ಗಾಳಿ ಬೀಸಿ ಕರೆಂಟ್ ಹೋಯಿತು. ಇನ್ವರ್ಟರ್ ಸ್ವಲ್ಪ ಹೊತ್ತು ಎಳೆದಾಡಿ ಸುಮ್ಮನಾಯಿತು. ನೀರು ನಿಂತಿತು. ಮೀನುಗಳು ಗಾಜಿಗೆ ಮೂತಿ ಬಡಿಯತೊಡಗಿದವು.

ನಾನು ಕಿರುಚಿದ್ದಕ್ಕೆ ಅತ್ತೆ ಓಡಿ ಬಂದಳು. "ಎಂತ ಆಯ್ತೇ?"

"ನೀರು ನಿಂತ್ರೆ ಇವು ಸಾಯ್ತವೆ ಅತ್ತೆ!"

ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ತೊಟ್ಟಿಯ ನೀರನ್ನೇ ಸುರಿದು ಮೀನುಗಳನ್ನು ಬಿಟ್ಟೆವು. ನಾನು ಮೊಣಕೈವರೆಗೆ ಕೈ ಇಳಿಸಿ ಗರಗರ ತಿರುಗಿಸಿದೆ. ನೀರು ತಿರುಗಿತು, ಅವೂ ಎದುರು ಈಜಿದವು. ಆದರೆ ನನ್ನ ಕೈಯೇನು ಪಂಪೇ? ಭುಜ ಸೆಟೆದುಕೊಂಡಿತು.

"ನೀ ಸರಿ ಆಚೆ, ನಾ ತಿರುಗಿಸ್ತೆ," ಎಂದು ಅತ್ತೆ ಸೆರಗು ಸಿಕ್ಕಿಸಿ ಕುಳಿತಳು. ಒಂದು ಮೀನು ಅವಳ ಬಳೆಗೆ ತಾಗಿ ಮಗುಚಿತು. ನೆಟ್ಟಗೆ ಹಿಡಿದರೂ ಮತ್ತೆ ಮಗುಚಿತು. ಎರಡನೆಯದು ತಳಕ್ಕಿಳಿದು ಮೇಲೇಳಲೇ ಇಲ್ಲ.

"ದಿನಾ ಕೊಯ್ಯೂದು ಇದ್ನೇ," ಎಂದಳು ಅತ್ತೆ, ಕೈ ನಿಲ್ಲಿಸದೆ. "ಇವತ್ತೆಂತಕೆ ಇದು ಬದುಕ್ಲಿ ಅನ್ನಿಸ್ತದೆ?"

ಉಳಿದ ಒಂದನ್ನಾದರೂ ಸಮುದ್ರಕ್ಕೆ ಬಿಡೋಣವೆಂದು ಬಕೆಟ್ಟಿಗೆ ಹಾಕಿ ರಿಕ್ಷಾ ಹತ್ತಿದೆವು. ದಾರಿಯುದ್ದಕ್ಕೂ ಇಬ್ಬರೂ ಸರದಿಯಲ್ಲಿ ನೀರು ತಿರುಗಿಸಿದೆವು. ರಿಕ್ಷಾದವನು ತಿರುಗಿ ತಿರುಗಿ ನೋಡುತ್ತಿದ್ದ.

ಬೀಚಿನಲ್ಲಿ ಸೊಂಟದ ಆಳಕ್ಕೆ ಇಳಿದು, ಮೀನನ್ನು ಅಂಗೈಯಲ್ಲಿಟ್ಟು, ಬಾಯಿಗೆ ನೀರು ಹೋಗಲೆಂದು ಮುಂದಕ್ಕೆ ತಳ್ಳುತ್ತ ನಡೆದೆ. ಈಜು, ಈಜು ಎಂದು ಹುಚ್ಚಿಯಂತೆ ಹೇಳುತ್ತಿದ್ದೆ. ಕಿವಿರು ಒಮ್ಮೆ ತೆರೆಯಿತು. ಆಗಲೇ ಒಂದು ಅಲೆ ಮುಖಕ್ಕೆ ಹೊಡೆಯಿತು. ಕಣ್ಣು ಬಿಟ್ಟಾಗ ಕೈ ಖಾಲಿ.

"ಹೋಯ್ತನೇ?" ಅತ್ತೆ ದಡದಿಂದ ಕೂಗಿದಳು.

ತಾನಾಗಿ ಈಜಿತೋ, ಅಲೆ ಒಯ್ದಿತೋ, ತಿಳಿಯಲಿಲ್ಲ. ಕತ್ತಲಾಗುವವರೆಗೂ ಅಲ್ಲೇ ಹುಡುಕುತ್ತ ನಿಂತಿದ್ದೆ. ಅತ್ತೆಯೇ ಬಂದು ರಟ್ಟೆ ಹಿಡಿದು ಎಳೆದೊಯ್ದಳು.

ಸತ್ತ ಎರಡನ್ನು ಅವಳು ತೆಂಗಿನ ಬುಡದಲ್ಲಿ ಹೂತಳು. ಕ್ಯಾಮೆರಾ ಬೇಡವೆಂದು ಫೋನ್ ಮಾಡಿದೆ. ಆಮೇಲೆ ನಿಂತ ನೀರಲ್ಲೂ ಬದುಕುವ ಬೇರೆ ಮೀನಿನ ಮೇಲೆ ಪ್ರಬಂಧ ಬರೆದು ಮುಗಿಸಿದೆ. ಅದು ಒಪ್ಪಿಗೆಯಾದ ದಿನವೂ ನನಗೆ ಖುಷಿಯಾಗಲಿಲ್ಲ.