ಕಲ್ಲೇಶಪ್ಪನವರ ಬಸ್ಸಿಗೆ ಕೊಳೆ ಬಳಿದವನು

ಉಚ್ಚಂಗೆಪ್ಪ ಬೆಳಿಗ್ಗೆ ತನ್ನ ಪೇಂಟಿಂಗ್ ಅಂಗಡಿ ಬಾಗಿಲು ತೆಗೆಯುವ ಮೊದಲು ಚನ್ನಗಿರಿಯ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿ ನಿಂತ ಯಾವುದಾದರೂ ಒಂದು ಬಸ್ಸಿನ ಮಡ್‌ಗಾರ್ಡಿನ ಮೇಲೆ ಬೆರಳು ಎಳೆದು ನೋಡುತ್ತಿದ್ದ. ಬೆರಳಿಗೆ ಕೆಂಪು ಹತ್ತಿದರೆ ಜಗಳೂರು ಕಡೆಯ ಬಸ್ಸು, ಕಪ್ಪು ಹತ್ತಿದರೆ ಹೊನ್ನಾಳಿ ಹೊಳೆಸಾಲಿನದು. ಜ್ವರ ಬಂದ ದಿನವೂ ಅವನು ಇದನ್ನು ಬಿಟ್ಟವನಲ್ಲ. ತಂಗಿಯ ಮದುವೆಯ ದಿನ ಹೊಸ ಪಂಚೆ ಉಟ್ಟುಕೊಂಡೇ ಹೋಗಿ ಬಂದಿದ್ದನಂತೆ. ಕಂಡಕ್ಟರುಗಳು "ಏನ್ರೀ ಇನ್‌ಸ್ಪೆಕ್ಟ್ರೇ, ಇವತ್ತು ನಮ್ಮ ಗಾಡಿ ಪಾಸೋ ಫೇಲೋ?" ಎಂದು ರೇಗಿಸಿದರೆ ನಕ್ಕು, ಬೆರಳನ್ನು ಪಂಚೆಯ ಅಂಚಿಗೆ ಒರೆಸಿಕೊಂಡು ಬರುತ್ತಿದ್ದ. ಆ ಅಂಚನ್ನು ಒಗೆಯುವುದೇ ಹೆಂಡತಿ ಉಡಚಮ್ಮನಿಗೆ ಒಂದು ಕೆಲಸವಾಗಿತ್ತು.

ಜಗಳೂರು ತಾಲ್ಲೂಕಿನ ಸೊಕ್ಕೆ ಅವನ ಊರು. ಲಾರಿ, ಬಸ್ಸುಗಳ ಮೈಗೆ ಬಣ್ಣ ಹೊಡೆಯಲು, ಹೆಸರು ಬರೆಯಲು ಚನ್ನಗಿರಿಗೆ ಬಂದವನು ಇಲ್ಲೇ ಉಳಿದ. ಬಿಡುವಿನಲ್ಲಿ ಮರದ ತುಂಡು, ಎಣ್ಣೆ ಡಬ್ಬದ ತಗಡು ಸೇರಿಸಿ ಮೊಳದುದ್ದದ ಲಾರಿ ಬಸ್ಸುಗಳನ್ನು ಮಾಡುತ್ತಿದ್ದ. ಡ್ರೈವರುಗಳು ಕೇಳಿ ಮಾಡಿಸಿಕೊಂಡು ಮನೆಯಲ್ಲಿಡುತ್ತಿದ್ದರು. ಮೊದಮೊದಲು ಅವೆಲ್ಲ ಅಂಗಡಿಯ ಆಟಿಕೆಗಳ ಹಾಗೆ ಮಿರಮಿರ ಮಿಂಚುತ್ತಿದ್ದವು. ಒಂದು ಸುಗ್ಗಿಯಲ್ಲಿ, ಮಾಡಿಟ್ಟ ಲಾರಿಯನ್ನು ಪಕ್ಕದ ಸರ್ವಮಂಗಳಮ್ಮನವರ ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಒಣಗಲು ಇಟ್ಟಿದ್ದ. ಯಾರೋ ಅಡಿಕೆ ಬಸಿಯುವಾಗ ಅದು ಬೆಂದ ಕೆಂಪು ನೀರು, ಚೊಗರು, ಸಿಡಿದು ಲಾರಿಯ ಮೇಲಿಂದ ಇಳಿಯಿತು. ಒರೆಸಲು ಹೋದವನು ಕೈ ತಡೆದ. ಸಂದಿಗಳಲ್ಲಿ ಉಳಿದ ಚೊಗರು ತುಕ್ಕಿನಂತೆ ಕಾಣುತ್ತಿತ್ತು. ಆಟಿಕೆ ಹೋಗಿ ಅಲ್ಲೊಂದು ನಿಜವಾದ ಲಾರಿ ನಿಂತಿತ್ತು.

ಅಂದಿನಿಂದ ಚೊಗರೇ ಅವನ ಬಣ್ಣವಾಯಿತು. ಅದನ್ನು ನೀರಿನ ಹಾಗೆ ತೆಳು ಮಾಡಿ, ಪೇಂಟಿನ ಮೇಲೆ ಹನಿಗಟ್ಟದಿರಲೆಂದು ಚೂರು ಅಂಟುವಾಳದ ನೊರೆ ಬೆರೆಸಿ, ಗಾಡಿಯ ಮೈಗೆಲ್ಲ ಒಮ್ಮೆ ಬಳಿಯುತ್ತಿದ್ದ. ಉಬ್ಬಿದ ಕಡೆ ಬಟ್ಟೆಯಿಂದ ಒತ್ತಿ ತೆಗೆದರೆ ಸಂದುಗೊಂದಿನಲ್ಲಿ ಮಾತ್ರ ನಿಲ್ಲುತ್ತಿತ್ತು. ಆಮೇಲೆ ಕಿಟಕಿಯ ಅಡಿ, ಮೊಳೆಯ ಅಡಿ ಒಂದೊಂದು ಚುಕ್ಕೆ ಇಟ್ಟು, ಹಸಿ ಕುಂಚದಿಂದ ಮೆಲ್ಲಗೆ ಕೆಳಗೆ ಎಳೆಯುವುದು. ಗೆರೆ ಇಳಿದಂತೆ ಸಣ್ಣಗಾಗಿ ಎಲ್ಲಿ ಮುಗಿಯಿತೆಂದು ಗೊತ್ತಾಗಬಾರದು. ಮಳೆನೀರು ಹೆಂಗೆ ಇಳೀತೈತೋ ಕೈಯೂ ಹಂಗೇ ಇಳೀಬೇಕು ಎನ್ನುತ್ತಿದ್ದ.

ನಮ್ಮ ಬೀದಿಯ ಕಲ್ಲೇಶಪ್ಪನವರು ಚನ್ನಗಿರಿಯಿಂದ ಸಾಸ್ವೆಹಳ್ಳಿ ಮೇಲೆ ಹೊನ್ನಾಳಿಗೆ ಹೋಗುವ ಬಸ್ಸಿನ ಡ್ರೈವರು. ಎಂಬತ್ತೊಂದರ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅದೇ ಮಳೆಗಾಲದಲ್ಲಿ ಮಾಲೀಕ ಪಂಚಾಕ್ಷರಪ್ಪನವರು ಆ ಹಳೆಯ ಬಸ್ಸನ್ನು ಗುಜರಿಗೆ ಕೊಟ್ಟರು. ಸುದ್ದಿ ಕೇಳಿದ ಮೇಲೆ ಕಲ್ಲೇಶಪ್ಪನವರು ಗೋಡೆಯ ಕಡೆ ತಿರುಗಿ ಮಲಗಿದವರು ಈ ಕಡೆ ಹೊರಳಲಿಲ್ಲ. ಊಟ ಎರಡು ತುತ್ತಿಗೆ ಇಳಿಯಿತು. ಹೀಗೇ ಆದರೆ ಹೆಚ್ಚು ದಿನ ಉಳಿಯುವುದಿಲ್ಲವೆಂದು ಡಾಕ್ಟರು ಅವರ ಹೆಂಡತಿ ನಿರ್ಮಲಮ್ಮನವರಿಗೆ ಹೇಳಿಬಿಟ್ಟರು.

ನವರಾತ್ರಿ ಹತ್ತಿರ ಬಂದಿತ್ತು. ಆಯುಧಪೂಜೆಯ ದಿನ ಗಂಡ ಬಸ್ಸಿಗೆ ವಿಭೂತಿ ಹಚ್ಚದೆ ಉಂಡದ್ದನ್ನು ನಿರ್ಮಲಮ್ಮನವರು ಕಂಡಿರಲಿಲ್ಲ. ಈ ಸಲ ಹಚ್ಚಲು ಬಸ್ಸೇ ಇಲ್ಲ. ಆಕೆ ಉಚ್ಚಂಗೆಪ್ಪನನ್ನು ಕರೆಸಿ, ಅವರ ಬಸ್ಸನ್ನೇ ಚಿಕ್ಕದಾಗಿ ಮಾಡಿಕೊಡು, ಪೂಜೆಯ ನೆವದಲ್ಲಾದರೂ ಎದ್ದು ಕೂತಾರು ಎಂದರು. ಪ್ರತಿ ವರ್ಷ ಆ ಬಸ್ಸಿಗೆ ಬಣ್ಣ ಹೊಡೆದವನೇ ಅವನು. ಅಳತೆಗೆ ಪಟ್ಟಿ ಬೇಕಾಗಲಿಲ್ಲ.

ಬಣ್ಣವಾದ ಕೂಡಲೇ ಒಮ್ಮೆ ತಂದು ಜಗಲಿಯ ಕಿಟಕಿಯಿಂದಲೇ ತೋರಿಸಿದ. ಹಸಿರು ಮೈ, ಹಳದಿ ಪಟ್ಟಿ, ಫಳಫಳ ಹೊಳೆಯುತ್ತಿತ್ತು. ಕಲ್ಲೇಶಪ್ಪನವರು ಒಮ್ಮೆ ನೋಡಿ ಮತ್ತೆ ಗೋಡೆಗೆ ಮುಖ ಮಾಡಿದರು. ಇದು ಅವರು ಓಡಿಸಿದ ಬಸ್ಸಲ್ಲ, ಶೋರೂಮಿನದು ಎಂದುಕೊಂಡ ಉಚ್ಚಂಗೆಪ್ಪ ವಾಪಸ್ ಒಯ್ದು ವಾರವಿಡೀ ಕೂತ. ಕಿಟಕಿಗಳ ಅಡಿ ಪ್ರಯಾಣಿಕರು ಉಗುಳಿದ ಎಲೆಅಡಿಕೆಯ ಗೆರೆ ಇಳಿಸಿದ. ಡೀಸೆಲ್ ಟ್ಯಾಂಕಿನ ಬಾಯಲ್ಲಿ ಹೊಗೆಮಸಿ ತೀಡಿದ. ಸೂಳೆಕೆರೆಯಲ್ಲಿ ಟಾಪಿಗೆ ಏರುತ್ತಿದ್ದ ಮೀನಿನ ಬುಟ್ಟಿಗಳ ನೀರು ಹಿಂದೆ ಏಣಿಯ ಪಕ್ಕ ಸೋರಿ ಬೆಳ್ಳಗೆ ಕಟ್ಟುತ್ತಿದ್ದುದನ್ನು ಸುಣ್ಣದ ತಿಳಿಯಿಂದ ಎಳೆದ. ಆ ಕಲೆಗಾಗಿ ಕಲ್ಲೇಶಪ್ಪನವರು ಮೀನಿನ ಹೆಂಗಸರ ಜೊತೆ ಜಗಳವಾಡದ ದಿನವಿರಲಿಲ್ಲ. ಹಬ್ಬದ ಹಿಂದಿನ ಸಂಜೆ ಬಂದಾಗ ಅವರಿಗೆ ನಿದ್ದೆ ಹತ್ತಿತ್ತು. ನಿರ್ಮಲಮ್ಮನವರ ಕೈಗೆ ಕೊಟ್ಟು, ಪೂಜೆ ಹೊತ್ತಿಗೆ ತೋರಿಸಿ ಎಂದು ಹೇಳಿ ಹೋದ.

ಮರುದಿನ ಚೆಂಡುಹೂವು ಹಿಡಿದು ಬಂದವನು ಜಗಲಿಯಲ್ಲೇ ನಿಂತ. ಬಾಗಿಲ ಬಳಿ ಮಣೆಯ ಮೇಲೆ ಬಸ್ಸು ಮೊದಲ ದಿನದ ಹಾಗೆ ಫಳಫಳ ಹೊಳೆಯುತ್ತಿತ್ತು.

"ಅಮ್ಮಾ, ಇದನ್ನ ತೊಳೆದ್ರಾ?"

"ಮತ್ತೇನಪ್ಪಾ, ಕೊಳೆ ಬಸ್ಸಿಗೆ ವಿಭೂತಿ ಇಡಾಕೆ ಆಗುತ್ತಾ? ನಿನಗೆ ಪುರುಸೊತ್ತು ಆಗಿರ್ಲಿಲ್ಲ ಅಂತ ಹುಣಸೆಹಣ್ಣು, ಸೀಗೆಪುಡಿ ಹಾಕಿ ನಾನೇ ತಿಕ್ಕಿದೆ. ಎಷ್ಟು ಕೊಳೆ ಇತ್ತು ಅಂತೀ! ಆದರೂ ಅವರು ಈ ಕಡೆ ನೋಡ್ಲಿಲ್ಲ ನೋಡು."

ಅವನು ಹೂವನ್ನು ಮಣೆಯ ಪಕ್ಕಕ್ಕಿಟ್ಟ. ಕೊಳೆ ತಾನೇ ಬಳಿದದ್ದು ಎಂದಾಗ ಆಕೆ ಅಲ್ಲೇ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡರು. ದೇವರ ಕೆಲಸಕ್ಕೆಂದು ಶ್ರದ್ಧೆಯಿಂದ ಮಾಡಿದ್ದೇ ತಪ್ಪಾಯಿತಲ್ಲ ಎಂಬ ಸಂಕಟ ಅದು. ಆಮೇಲೆ ಕಣ್ಣೊರೆಸಿಕೊಂಡು, "ಒಳಗೆ ಬಾ. ಅವರ ಮುಂದೇ ಕೂತು ಮತ್ತೆ ಮಾಡು" ಎಂದರು. ಅಷ್ಟು ವರ್ಷ ಆ ಮನೆಯ ಜಗಲಿ ದಾಟದಿದ್ದ ಉಚ್ಚಂಗೆಪ್ಪ ಆ ದಿನ ಹೊಸ್ತಿಲು ದಾಟಿದ.

ಸರ್ವಮಂಗಳಮ್ಮನವರ ಹಂಡೆಯಿಂದ ಚೊಗರು ಬಂತು, ಒಲೆಯಿಂದ ಮಸಿ, ಎಲೆತಟ್ಟೆಯಿಂದ ಸುಣ್ಣ. ಮಂಚದ ಪಕ್ಕ ನೆಲದ ಮೇಲೆ ಕೂತು ಅವನು ಒಂದೊಂದೇ ಗೆರೆ ಇಳಿಸತೊಡಗಿದ. ಇದು ಎಲೆಅಡಿಕೆ, ಇದು ಡೀಸೆಲ್ ಎಂದು ತನಗೆ ತಾನೇ ಹೇಳಿಕೊಳ್ಳುವವನಂತೆ ಗೊಣಗುತ್ತಿದ್ದ. ಮೀನಿನ ನೀರಿನ ಗೆರೆಗೆ ಬಂದಾಗ ಮಂಚದಿಂದ "ಉಹುಂ" ಎಂಬ ದನಿ ಬಂತು.

ಕಲ್ಲೇಶಪ್ಪನವರು ಇತ್ತ ಹೊರಳಿದ್ದರು. ಎಡಗೈ ಎತ್ತಿ ಏಣಿಯ ಎಡಬದಿಯನ್ನು ತೋರಿಸುತ್ತಿದ್ದರು.

"ಎಡಕ್ಕಾ? ಬಲಕ್ಕೆ ಅಂದ್ಕೊಂಡಿದ್ನಲ್ರೀ. ಹಂಗಾದ್ರೆ ಆ ಹೆಂಗಸರು ನಿಮ್ಮ ಕಣ್ಣಿಗೆ ಬೀಳ್ದಿರೋ ಕಡೆಗೇ ಬುಟ್ಟಿ ಇಡ್ತಿದ್ರು ಅನ್ನಿ, ಬೇಕಂತ್ಲೇ."

ಅವರ ಸೊಟ್ಟ ಬಾಯಿ ಅಲುಗಿತು. ನಕ್ಕರೋ, ಮೀನಿನ ಹೆಂಗಸರನ್ನು ಬೈದರೋ, ಯಾರಿಗೂ ತಿಳಿಯಲಿಲ್ಲ. ಗೆರೆಯೆಲ್ಲ ಇಳಿದು ಮುಗಿದ ಮೇಲೆ ಅವರು ಬಹಳ ಹೊತ್ತು ಬಸ್ಸನ್ನು ನೋಡಿ, "ನೀ... ನೀರು" ಎಂದರು. ನಿರ್ಮಲಮ್ಮನವರು ಓಡಿಹೋಗಿ ಲೋಟದಲ್ಲಿ ನೀರು ತಂದು ಬಾಯಿಗೆ ಹಿಡಿದರು. ಅವರು ಮುಖ ತಿರುಗಿಸಿ, ಎಡಗೈಯಿಂದ ಹೆಗಲ ಟವೆಲಿನ ತುದಿಯನ್ನು ಲೋಟದಲ್ಲಿ ಅದ್ದಿ, ಬಸ್ಸಿನ ಟಾಪನ್ನು ಒರೆಸಲು ಶುರುಮಾಡಿದರು.

ಆಗ ನಿರ್ಮಲಮ್ಮನವರಿಗೆ ಹೊಳೆಯಿತು. ಪ್ರತಿ ವರ್ಷ ತಾವು ಕಂಡದ್ದು ಹಾರ ಹಾಕಿಕೊಂಡು ಬೀದಿಗೆ ಬರುತ್ತಿದ್ದ ಬಸ್ಸನ್ನು ಮಾತ್ರ. ಅದಕ್ಕೂ ಮೊದಲು ಗಂಡ ಕ್ಲೀನರನ್ನೂ ಹತ್ತಿರ ಸೇರಿಸದೆ, ಕೆರೆಯ ದಂಡೆಯಲ್ಲಿ ನಿಂತು ತಾವೇ ಬಸ್ಸು ತೊಳೆಯುತ್ತಿದ್ದರೆಂದು ಕೇಳಿದ್ದರೇ ಹೊರತು ಕಂಡಿರಲಿಲ್ಲ. ಪೂಜೆ ಅಲ್ಲಿಂದಲೇ ಆರಂಭವಾಗುತ್ತಿತ್ತು.

ಉಚ್ಚಂಗೆಪ್ಪ ತನ್ನ ಗೆರೆಗಳು ಒಂದೊಂದಾಗಿ ಅಳಿಯುವುದನ್ನು ನೋಡುತ್ತ, ಬಸ್ಸು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಮೀನಿನ ಕಲೆಯನ್ನು ಕಲ್ಲೇಶಪ್ಪನವರು ಕೊನೆಗೆ ಉಳಿಸಿಕೊಂಡು, ಜೋರಾಗಿ ಉಜ್ಜಿ ತೆಗೆದರು. ನಿರ್ಮಲಮ್ಮನವರು ಗಂಡನ ಜೀವವಿಲ್ಲದ ಬಲಗೈ ಹಿಡಿದು, ಮೂರು ಬೆರಳನ್ನು ವಿಭೂತಿಗೆ ಅದ್ದಿ ಬಸ್ಸಿನ ಹಣೆಗೆ ಎಳೆಸಿದರು. ಆ ದಿನ ಕಲ್ಲೇಶಪ್ಪನವರು ಹೋಳಿಗೆ ಉಂಡರು.

ಮಾತು ಪೂರ್ತಿ ಮರಳಲಿಲ್ಲ, ಕಾಲೂ ಬರಲಿಲ್ಲ. ಆದರೆ ಪ್ರತಿ ಅಮಾವಾಸ್ಯೆಗೆ ಗಾಡಿ ಪೂಜೆ ತಪ್ಪಲಿಲ್ಲ. ಅದಕ್ಕೆ ಮುಂಚೆ ಉಚ್ಚಂಗೆಪ್ಪ ಬಂದು ಬಸ್ಸಿಗೆ ಕೊಳೆ ಬಳಿದು ಹೋಗುತ್ತಿದ್ದ. ಮಳೆಗಾಲಕ್ಕೆ ಕಿಟಕಿಯವರೆಗೆ ಕೆಸರು, ಬೇಸಿಗೆಗೆ ಧೂಳು. ಮಾಡಿದ್ದನ್ನೇ ತೊಳೆಸಾಕೆ ಮಾಡ್ತೀಯಲ್ಲ, ನಮ್ಮ ಮನೆ ಪಾತ್ರೆ ತೊಳೆಯಾಕೂ ಹಿಂಗೇ ಆಸೆಪಡು ಎಂದು ಉಡಚಮ್ಮ ಹಂಗಿಸುತ್ತಿದ್ದಳು.

ಎಂಬತ್ತಮೂರರ ದೀಪಾವಳಿಯ ಮುಂಚೆ ಪಂಚಾಕ್ಷರಪ್ಪನವರು ಕಲ್ಲೇಶಪ್ಪನವರನ್ನು ನೋಡಲು ಬಂದರು. ಉಚ್ಚಂಗೆಪ್ಪ ಆಗಷ್ಟೇ ಕೆಲಸ ಮುಗಿಸಿ ಕುಂಚ ತೊಳೆಯುತ್ತಿದ್ದ. ಕಿಟಕಿಯಲ್ಲಿ ನಿಂತ ಬಸ್ಸನ್ನು ಕಂಡು ಅವರ ಕಣ್ಣು ತುಂಬಿತು. ತಮ್ಮ ತಂದೆ ಕೊಂಡ ಮೊದಲ ಬಸ್ಸು ಅದು. ದಾವಣಗೆರೆಯಿಂದ ಆಳು ಕರೆಸಿ ಇದಕ್ಕೆ ಗಟ್ಟಿ ವಾರ್ನಿಷ್ ಹೊಡೆಸುತ್ತೇನೆ, ಗಾಜಿನ ಪೆಟ್ಟಿಗೆ ಮಾಡಿಸುತ್ತೇನೆ ಎಂದರು.

"ಊರ ತುಂಬಾ ಬೇರೆಯವರ ಹೆಸರು ಬರೆದೆ ನೀನು. ಪೆಟ್ಟಿಗೆ ಮೇಲೆ ನಿನ್ನ ಹೆಸರು ಬರೆಸ್ತೀನಿ. ಈ ಕೆಲಸ ಅಳಿಸಿ ಹೋಗಬಾರದಪ್ಪಾ."

ಉಚ್ಚಂಗೆಪ್ಪ ಕುಂಚ ಒದರಿ ನಿಂತ. ಅವನಿಗೆ ಸಂತೋಷವಾಗಿತ್ತೆಂಬುದು ಮುಖದಲ್ಲೇ ಕಾಣುತ್ತಿತ್ತು ಎಂದು ನಿರ್ಮಲಮ್ಮನವರು ನನಗೆ ಹೇಳಿದರು. ಅವನು ಒಮ್ಮೆ ಮಂಚದ ಕಡೆ ನೋಡಿದ. ಕಲ್ಲೇಶಪ್ಪನವರು ಟವೆಲನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು.

"ಬ್ಯಾಡ್ರೀ ಸಾಹುಕಾರ್ರೇ," ಎಂದ ಅವನು. "ನಾಳೆ ಅಮಾಸೆ ಐತೆ. ಅವರು ತೊಳೀಬೇಕು."